ಕರಾಟೆಯಲ್ಲಿ ಪೆಟ್ಟಾದರೆ ಮೊದಲು ನಮಗೆ ಹೇಳಿ

ಪ್ರೀತಿಯ ಪೋಷಕರೇ,

ಮೊನ್ನೆ ಏಳನೇ ಕ್ಲಾಸಿನ ನೋಟ್ಸ್ ನೋಡುತ್ತಿದ್ದೆ. ಒಬ್ಬ ಹುಡುಗಿಯ ಅಕ್ಷರ ಯಾಕೋ ಸೊಟ್ಟಗಿತ್ತು. ಕೈ ತೋರಿಸಮ್ಮ ಅಂದೆ. ಉಂಗುರ ಬೆರಳು ಊದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕರಾಟೆ ಕ್ಲಾಸಿನಲ್ಲಿ ಒದೆ ತಡೆಯುವಾಗ ಪೆಟ್ಟಾಗಿ ಮೂರು ದಿನವಾಗಿತ್ತಂತೆ. ಹೇಳಿದರೆ ಕ್ಲಾಸು ಬಿಡಿಸುತ್ತಾರೆ ಅಂತ ಅಜ್ಜಿಗೆ ಮಾತ್ರ ಗುಟ್ಟಾಗಿ ಹೇಳಿದ್ದಾಳೆ, ಅಜ್ಜಿ ಪ್ರೀತಿಯಿಂದಲೇ ಎಣ್ಣೆ ಹಚ್ಚಿ ನೀವಿ, ಬೆರಳು ಎಳೆದು ಲಟಿಕೆ ತೆಗೆದಿದ್ದಾರೆ. ಎಕ್ಸ್‌ರೇ ತೆಗೆಸಿದರೆ ಮೂಳೆಯಲ್ಲಿ ಸಣ್ಣ ಬಿರುಕು. ಮೂರು ದಿನ ನಮ್ಮ ಕಣ್ಣಿಗೂ ಬೀಳಲಿಲ್ಲವಲ್ಲ ಅಂತ ನನಗೆ ತುಂಬಾ ಬೇಸರವಾಗಿದೆ. ಅವಳ ಅಮ್ಮನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಬೆಳೆಯುವ ಮಕ್ಕಳ ಮೂಳೆಯ ತುದಿ ಇನ್ನೂ ಮೆದುವಾಗಿರುತ್ತದೆ. ದೊಡ್ಡವರಿಗೆ ಬರೀ ಉಳುಕಾಗುವಂಥ ಪೆಟ್ಟಿಗೆ ಮಕ್ಕಳಲ್ಲಿ ಅಲ್ಲೇ ಬಿರುಕು ಬಿಡಬಹುದು. ಅದಕ್ಕೇ ಊದಿದ ಜಾಗವನ್ನು ದಯವಿಟ್ಟು ನೀವಬೇಡಿ, ಎಳೆಯಬೇಡಿ, ಮೊದಲ ಎರಡು ದಿನ ಬಿಸಿ ಶಾಖವನ್ನೂ ಕೊಡಬೇಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಿ. ಕಾಲಾದರೆ ದಿಂಬಿನ ಮೇಲೆ ಎತ್ತಿಡಿ. ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲ, ಮೂಳೆ ಮುಟ್ಟಿದರೆ ಕಿರುಚುತ್ತಾರೆ, ಬೆರಳು ಸೊಟ್ಟಗೆ ಕಾಣುತ್ತಿದೆ ಅಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಬರಿಗಾಲಲ್ಲಿ ಅಭ್ಯಾಸ ಮಾಡುವುದರಿಂದ ಅಂಗಾಲಿನ ಚರ್ಮ ಕಿತ್ತು ಬರುವುದು ಮಾಮೂಲು. ಸೋಪು ಹಾಕಿ ನಲ್ಲಿ ನೀರಲ್ಲಿ ತೊಳೆದರೆ ಸಾಕು, ಕಾಫಿ ಪುಡಿ ಮೆತ್ತಬೇಡಿ. ಧನುರ್ವಾಯು, ಗಂಟಲಮಾರಿ ಬಾರದಂತೆ 10 ಮತ್ತು 16ನೇ ವಯಸ್ಸಿನಲ್ಲಿ ಹಾಕಿಸುವ ಟಿಡಿ ಲಸಿಕೆ ಆಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಮೂಗಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅದರಿಂದ ರಕ್ತ ಗಂಟಲಿಗೆ ಇಳಿಯುತ್ತದೆ ಅಷ್ಟೇ. ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ.

ತಲೆಗೆ ಪೆಟ್ಟಾದದ್ದು ಮಾತ್ರ ಸಣ್ಣದು ಅಂತ ಬಿಡಬೇಡಿ. ಆಮೇಲೆ ವಾಂತಿ, ಮಂಪರು, ಹೆಚ್ಚುತ್ತಾ ಹೋಗುವ ತಲೆನೋವು, ಹೇಳಿದ್ದನ್ನೇ ಹೇಳುವುದು ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಪೆಟ್ಟಾಯಿತು ಅಂತ ಮಗು ಹೇಳಿದಾಗ ಬೈಯಬೇಡಿ, ನಾಳೆಯಿಂದ ಕರಾಟೆ ಬೇಡ ಅಂತ ತಕ್ಷಣ ಹೇಳಬೇಡಿ. ಹಾಗಂದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಅಲ್ವಾ? ವಾಸಿಯಾಗುವವರೆಗೆ ಕ್ಲಾಸಿಗೆ ಬಂದು ಪಕ್ಕದಲ್ಲಿ ಕೂತು ನೋಡಲಿ, ಒದೆಗಳ ಎಣಿಕೆ ಹೇಳಲಿ. ಮಾಸ್ಟರಿಗೆ ಇದನ್ನು ತಿಳಿಸಿದ್ದೇನೆ.

ಶುಕ್ರವಾರ ಉಗುರು ಕತ್ತರಿಸಿ, ಬಳೆ, ಓಲೆ ತೆಗೆಸಿ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕಿ