ಮಗುಚದ ಬೈಕ್ ಸ್ಟ್ಯಾಂಡ್

ಮಾನ್ಯ ಸಂಪಾದಕರೇ,

ಮಣ್ಣಿನ ಹಾದಿಯಲ್ಲಿ ರೇಸ್ ಓಡುವ ಮೋಟೊಕ್ರಾಸ್ ಬೈಕಿಗೆ ಸೆಂಟರ್ ಸ್ಟ್ಯಾಂಡೂ ಇಲ್ಲ, ಸೈಡ್ ಸ್ಟ್ಯಾಂಡೂ ಇಲ್ಲ. ಚೈನಿಗೆ ಎಣ್ಣೆ ಬಿಡಬೇಕೆಂದರೂ ಅದನ್ನು ಯಾವುದರ ಮೇಲಾದರೂ ಕೂರಿಸಲೇಬೇಕು. ಹಾಗಾಗಿ ಇಟ್ಟಿಗೆ, ಹಾಲೋ ಬ್ಲಾಕ್, ಹಾಲಿನ ಕ್ರೇಟ್, ಪೇಂಟ್ ಡಬ್ಬ ಎಂದು ಕೈಗೆ ಸಿಕ್ಕಿದ್ದೆಲ್ಲ ಸ್ಟ್ಯಾಂಡ್ ಆಗಿಬಿಡುತ್ತದೆ. ‘ಭಾರ ತಡೆಯುತ್ತೆ ಬಿಡಿ’ ಎನ್ನುವವರೇ ಹೆಚ್ಚು. ತಡೆಯುತ್ತದೆ, ನಿಜ. 250ರಿಂದ 450 ಸಿ.ಸಿ.ವರೆಗಿನ ಬೈಕ್ ತೂಗುವುದೇ ಸುಮಾರು 100ರಿಂದ 115 ಕೆ.ಜಿ. ಸುಮ್ಮನೆ ನಿಂತ ಬೈಕನ್ನು ಹೊರುವುದು ಹೆಚ್ಚಿನ ಸ್ಟ್ಯಾಂಡುಗಳಿಗೆ ಕಷ್ಟವಲ್ಲ. ಪಾನಾ ಹಾಕಿ ಎಳೆಯುವಾಗಲೇ ಅದು ಮಗುಚುವುದು.

ಹಿಂಚಕ್ರವನ್ನು ಹಿಡಿದಿಡುವ ಆಕ್ಸಲ್ ನಟ್ಟನ್ನೇ ನೋಡಿ. ಹಲವು ಬೈಕುಗಳಲ್ಲಿ ಅದಕ್ಕೆ 100 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ದಾಟಿದ ಬಿಗಿ ಬೇಕು. 40 ಸೆಂ.ಮೀ. ಉದ್ದದ ಹಿಡಿಯಲ್ಲಿ ಅದು 25 ಕೆ.ಜಿ. ಭಾರ ಹಾಕಿ ಒತ್ತಿದಂತೆ. ಒತ್ತುವ ಜಾಗವಾದರೋ ಸ್ಟ್ಯಾಂಡಿನಿಂದ ಸುಮಾರು 70 ಸೆಂ.ಮೀ. ಹಿಂದೆ. ಅಷ್ಟು ದೂರದ ಒತ್ತಡಕ್ಕೆ ಸ್ಟ್ಯಾಂಡಿನ ಪೈಪು ಎಷ್ಟೇ ದಪ್ಪವಿರಲಿ, ತಳ ಕಿರಿದಾಗಿದ್ದರೆ ಉಪಯೋಗವಿಲ್ಲ. ಸ್ಟ್ಯಾಂಡ್ ಯಾವುದೇ ಇರಲಿ, ಆ ನಟ್ಟನ್ನು ಮೊದಲು ಸಡಿಲಿಸುವುದೂ ಕೊನೆಯ ಬಿಗಿ ಕೊಡುವುದೂ ಚಕ್ರ ನೆಲದ ಮೇಲಿರುವಾಗಲೇ ಆಗಬೇಕು.

ಸ್ಟ್ಯಾಂಡನ್ನು ತಾವೇ ಮಾಡಿಕೊಳ್ಳುವವರು ಮೊದಲು ನೋಡಬೇಕಾದದ್ದು ಎತ್ತರ. ನಿಂತ ಬೈಕಿನ ಚಾಸಿ (ಬೈಕಿನ ಮೂಲ ಹಂದರ) ತಳದಿಂದ ನೆಲಕ್ಕೆ ಟೇಪ್ ಹಿಡಿದು ಅಷ್ಟೇ ಎತ್ತರಕ್ಕೆ ಮಾಡುವುದು ಸಾಮಾನ್ಯವಾಗಿ ಆಗುವ ತಪ್ಪು. ತನ್ನದೇ ತೂಕಕ್ಕೆ ಸಸ್ಪೆನ್ಷನ್ ಕೆಲವು ಸೆಂ.ಮೀ. ಕುಗ್ಗಿರುತ್ತದೆ, ಮೇಲೆತ್ತಿದ ಕೂಡಲೇ ಚಕ್ರ ಅಷ್ಟೂ ಕೆಳಗಿಳಿದು ಮತ್ತೆ ನೆಲ ಮುಟ್ಟುತ್ತದೆ. ಒಬ್ಬರು ಬೈಕನ್ನು ಮೇಲಕ್ಕೆ ಜಗ್ಗಿ ಸಸ್ಪೆನ್ಷನ್ ಪೂರ್ತಿ ಬಿಚ್ಚಿಕೊಂಡಾಗ ಇನ್ನೊಬ್ಬರು ಅಳೆಯಬೇಕು, ಅದಕ್ಕೆ 3ರಿಂದ 5 ಸೆಂ.ಮೀ. ಸೇರಿಸಬೇಕು. ದೊಡ್ಡ ಬೈಕುಗಳಿಗೆ ಇದು 40 ಸೆಂ.ಮೀ. ಆಸುಪಾಸಿಗೆ ಬರುತ್ತದೆ.

ಆ ಎತ್ತರಕ್ಕೆ 25×25 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಸ್ಕ್ವೇರ್ ಪೈಪ್ 6 ಮೀಟರಿನದ್ದು ಒಂದು ಸಾಕು. ಮೇಲಿನ ಚೌಕಟ್ಟು 25×30 ಸೆಂ.ಮೀ., ತಳದ್ದು 40×45 ಸೆಂ.ಮೀ. ಪ್ರತಿ ಕಾಲೂ ಎರಡೂ ದಿಕ್ಕಿಗೆ ಏಳೂವರೆ ಸೆಂ.ಮೀ. ಹೊರಗೆ ಚಾಚುತ್ತದೆ. ಎರಡು ಚೌಕಟ್ಟುಗಳ ನಡುವೆ 35 ಸೆಂ.ಮೀ. ಅಂತರ ಬೇಕೆಂದರೆ ಕಾಲಿನ ಉದ್ದ 36.6 ಸೆಂ.ಮೀ.; ತುದಿಗಳನ್ನು ಎರಡೂ ಕಡೆಗೆ 12 ಡಿಗ್ರಿ ಓರೆಯಾಗಿ ಕತ್ತರಿಸಬೇಕು. ನಡುಮಟ್ಟದಲ್ಲಿ ನಾಲ್ಕೂ ಕಾಲುಗಳನ್ನು ಸುತ್ತುವ ಇನ್ನೊಂದು ಚೌಕಟ್ಟು ಬೇಕು. ಅದಿಲ್ಲದಿದ್ದರೆ ಪಕ್ಕದ ಎಳೆತವೆಲ್ಲ ವೆಲ್ಡಿಂಗ್ ಮೂಲೆಗಳ ಮೇಲೇ ಬಿದ್ದು ಅಲ್ಲೇ ಬಿರುಕು ಬಿಡುತ್ತದೆ. ಕತ್ತರಿಸುವಾಗ ಹೋಗುವ ಪುಡಿಯೂ ಸೇರಿ 5.7 ಮೀಟರ್ ಪೈಪ್ ಖರ್ಚಾಗುತ್ತದೆ. 3 ಮಿ.ಮೀ. ತಗಡನ್ನು ಮೇಲೆ ಹಾಸಿದರೆ ಒಟ್ಟು ತೂಕ ಸುಮಾರು 10 ಕೆ.ಜಿ.

ಒಂದು ಮೂಲೆಯನ್ನು ಪೂರ್ತಿ ವೆಲ್ಡ್ ಮಾಡಿ ಮುಂದಿನದಕ್ಕೆ ಹೋದರೆ ಚೌಕಟ್ಟು ಸೊಟ್ಟಗಾಗುವುದು ಖಂಡಿತ. ಎಲ್ಲ ಮೂಲೆಗೂ ಮೊದಲು ಟ್ಯಾಕ್ (ಚುಕ್ಕೆಯಷ್ಟೇ ವೆಲ್ಡ್) ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದು, ಸರಿಹೊಂದಿದ ಮೇಲೆ ಎದುರುಬದುರು ಮೂಲೆಗಳನ್ನು ಸರದಿಯಲ್ಲಿ ತುಂಬಬೇಕು. ಸತು ಲೇಪಿಸಿದ ಜಿ.ಐ. ಪೈಪಾದರೆ ವೆಲ್ಡಿಂಗ್ ಜಾಗದ ಸತುವನ್ನು ಮೊದಲು ಉಜ್ಜಿ ತೆಗೆಯಿರಿ. ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ. ಇನ್ನೊಂದು ಮಾತು: ಪೆಟ್ರೋಲ್ ತುಂಬಿದ ಬೈಕನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅಳತೆ ನೋಡುತ್ತ ವೆಲ್ಡ್ ಮಾಡುವವರೂ ಇದ್ದಾರೆ. ಅವರಿಗೆ ಏನು ಹೇಳುವುದು!

ತಗಡಿನ ಮೇಲೆ 10 ಮಿ.ಮೀ. ದಪ್ಪದ, ಗೀರುಗಳಿರುವ ರಬ್ಬರ್ ಬೇಕು. ನುಣ್ಣನೆಯ ರಬ್ಬರಿಗೆ ನಾಲ್ಕು ಹನಿ ಎಂಜಿನ್ ಆಯಿಲ್ ಬಿದ್ದರೆ ಸಾಕು, ಬೈಕ್ ಜಾರುತ್ತದೆ. ಹಳೆಯ ಆಯಿಲ್ ಇಳಿಸುವ ಡ್ರೇನ್ ಬೋಲ್ಟ್ ಬರುವ ಜಾಗ ಗುರುತಿಸಿ, ತಗಡಿಗೂ ರಬ್ಬರಿಗೂ 8 ಸೆಂ.ಮೀ. ತೂತು ಹಾಕಿದರೆ ಆಯಿಲ್ ಬದಲಿಸಲು ಬೈಕ್ ಇಳಿಸಬೇಕಿಲ್ಲ. ಎಂಜಿನ್ ಹಿಂದೆ, ಚಾಸಿ ಕೆಳಗೆ ಸಸ್ಪೆನ್ಷನ್ ಲಿಂಕೇಜ್ (ಹಿಂಚಕ್ರದ ಸಸ್ಪೆನ್ಷನ್‌ನ ಕೀಲು ಜೋಡಣೆ) ಇರುವ ಬೈಕುಗಳಲ್ಲಿ ಸ್ಟ್ಯಾಂಡ್ ಅದನ್ನು ಮುಟ್ಟಕೂಡದು. ಲಿಂಕೇಜ್ ಮೇಲೆ ಭಾರ ಬಿದ್ದರೆ ಹಿಂಚಕ್ರ ಕೆಳಗಿಳಿಯುವುದಿಲ್ಲ, ಅದರ ಬೋಲ್ಟೂ ಹೊರಗೆ ಬರುವುದಿಲ್ಲ.

ವೆಲ್ಡಿಂಗ್ ಸೌಲಭ್ಯವಿಲ್ಲದವರಿಗೆ 18 ಮಿ.ಮೀ. ಪ್ಲೈವುಡ್ ಪೆಟ್ಟಿಗೆಯೇ ಸರಿ. ಆದರೆ ಪ್ಲೈವುಡ್ಡಿನ ಅಂಚಿಗೆ ಸ್ಕ್ರೂ ಹೊಡೆದರೆ ಪದರ ಬಿಟ್ಟುಕೊಳ್ಳುತ್ತದೆ. ಒಳಮೂಲೆಗಳಲ್ಲಿ 4×4 ಸೆಂ.ಮೀ. ರೀಪು ನಿಲ್ಲಿಸಿ, 3 ಮಿ.ಮೀ. ತೂತು ಕೊರೆದು, ಅಂಟು ಹಚ್ಚಿ, ಹೊರಗಿನಿಂದ 40 ಮಿ.ಮೀ. ಸ್ಕ್ರೂ ಹಾಕಿ. ಮೇಲಿನ ಹಲಗೆ ಆ ರೀಪುಗಳ ತಲೆಯ ಮೇಲೇ ಕೂರಬೇಕು; ಭಾರ ಮರದ ಮೂಲಕ ನೇರ ನೆಲಕ್ಕಿಳಿಯಬೇಕು, ಸ್ಕ್ರೂಗಳಿಗೆ ನೇತುಬೀಳಬಾರದು. ಕಾಲು ಓರೆ ಮಾಡುವ ರಗಳೆ ಇಲ್ಲಿ ಬೇಡ, ಅಡಿಗೆ 45×50 ಸೆಂ.ಮೀ. ಅಗಲದ ಹಲಗೆ ಸೇರಿಸಿದರಾಯಿತು.

ಕಾಲಿನಿಂದ ಒತ್ತಿ ಎತ್ತುವ ಲಿವರ್ ಸ್ಟ್ಯಾಂಡ್ ಮಾಡುವವರು ಒಂದನ್ನು ಗಮನಿಸಬೇಕು. ಎತ್ತುವ ತೋಳು ನೆಟ್ಟಗೆ ನಿಂತಲ್ಲೇ ನಿಲ್ಲಬಾರದು. ನೇರವನ್ನು 5ರಿಂದ 10 ಡಿಗ್ರಿ ದಾಟಿ ತಡೆಗೆ ತಾಗಿರಬೇಕು. ಆಗ ಬೈಕಿನ ಭಾರವೇ ಅದನ್ನು ಬಿಗಿಹಿಡಿಯುತ್ತದೆ. ನೇರಕ್ಕೇ ನಿಲ್ಲಿಸಿದರೆ ಒಂದು ಅಲುಗಾಟಕ್ಕೆ ಮಡಚಿಕೊಳ್ಳುತ್ತದೆ.

ಸಾದಾ ಸ್ಟ್ಯಾಂಡಿಗೆ ಬೈಕ್ ಏರಿಸಲು ಪೈಲ್ವಾನರು ಬೇಕಿಲ್ಲ. ಎರಡೂ ಚಕ್ರಗಳನ್ನು 5 ಸೆಂ.ಮೀ. ದಪ್ಪದ ಹಲಗೆಗಳ ಮೇಲೆ ಹತ್ತಿಸಿ, ಒಬ್ಬರು ಬೈಕ್ ವಾಲಿಸಿ ಹಿಡಿದಾಗ ಇನ್ನೊಬ್ಬರು ಸ್ಟ್ಯಾಂಡ್ ತಳ್ಳಿದರೆ, ಎತ್ತಬೇಕಾದ ಎತ್ತರ ಅಷ್ಟೂ ಕಡಿಮೆಯಾಗುತ್ತದೆ. ಆಮೇಲೆ ಹಲಗೆ ಎಳೆದುಬಿಡಿ. ಅದಕ್ಕೂ ಮುಂಚೆ ಪೆಟ್ರೋಲ್ ಕಾಕ್ ಮುಚ್ಚಿರಲಿ.

ಹಾಲೋ ಬ್ಲಾಕನ್ನಂತೂ ಬಳಸಲೇಬಾರದು. ಚಾಸಿಯ ಕಿರಿದಾದ ಅಂಚು ಒಂದೇ ಕಡೆ ಒತ್ತಿದರೆ ಅದು ಮುನ್ಸೂಚನೆಯೇ ಇಲ್ಲದೆ ಸೀಳುತ್ತದೆ. ಕ್ರೇಟ್ ಸ್ವಲ್ಪ ವಾಸಿ: ಬಿಸಿಲಿಗೆ ಒಣಗಿರದ ಗಟ್ಟಿ ಕ್ರೇಟಾಗಿದ್ದು, ಮೇಲೆ ಪ್ಲೈವುಡ್ ಹಾಸಿದರೆ ಚೈನ್ ತೊಳೆಯುವಂಥ ಕೆಲಸಕ್ಕೆ ಆದೀತು.

ಚಕ್ರ ಬಿಚ್ಚುವಾಗ ಬೈಕ್ ಎಲ್ಲಿ ಕೂತಿದೆ ಎಂಬುದು ಮುಖ್ಯ. ಹಿಂಚಕ್ರ ತೆಗೆದರೆ ಮುಂಭಾರ ಹೆಚ್ಚುತ್ತದೆ. ಆದ್ದರಿಂದ ಸ್ಟ್ಯಾಂಡನ್ನು ಮೊದಲೇ ನಾಲ್ಕು ಬೆರಳು ಹಿಂದಕ್ಕೆ ಸರಿಸಿ, ಮುಂಚಕ್ರ ನೆಲದಲ್ಲಿ ಊರಿರುವಂತೆ ನೋಡಿಕೊಳ್ಳಬೇಕು. ಮುಂಚಕ್ರಕ್ಕೆ ಇದರ ತಿರುಗುಮುರುಗು. ಮುಂಚಕ್ರವನ್ನು ಹಿಡಿದ ಫೋರ್ಕ್‌ಗಳನ್ನೇ ಕಳಚುವುದಾದರೆ ಇಷ್ಟು ಸಾಲದು. ಚಾಸಿಯನ್ನೂ ಸ್ಟ್ಯಾಂಡನ್ನೂ ಸೇರಿಸಿ ಬೆಲ್ಟ್ ಬಿಗಿದು, ಹಿಂಚಕ್ರದ ಎರಡೂ ಬದಿಗೆ ಮರದ ತುಂಡು ಒತ್ತಿದ ಮೇಲೆಯೇ ಬೋಲ್ಟಿಗೆ ಕೈ ಹಚ್ಚಬೇಕು.

ಇತಿ,
ಒಬ್ಬ ಓದುಗ