ರೆಸಾರ್ಟ್ ಮುಚ್ಚಿತು, ಹಾದಿ ಉಳಿಯಿತು

ಮಾನ್ಯ ಸಂಪಾದಕರೇ,

ಕಾರ್ಖಾನೆ ಮುಚ್ಚಿದ ಊರುಗಳಿಗೆ ಇನ್ನು ರೆಸಾರ್ಟುಗಳೇ ದಿಕ್ಕು ಎಂಬ ಧಾಟಿಯ ಲೇಖನವೊಂದನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಾನು ದಾಂಡೇಲಿಯವನು. ನಾಟಾ ಡಿಪೋ, ಪ್ಲೈವುಡ್ ಕಾರ್ಖಾನೆ ಅಂತ ಕೇಳುತ್ತಲೇ ಬೆಳೆದವನು. ಈಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ಇಲ್ಲಿಂದ ಕಾರಿನಲ್ಲಿ ಮೂರು ಗಂಟೆಯೊಳಗೆ ಹೇವರ್ಡ್ ಎಂಬ ಊರು ಸಿಗುತ್ತದೆ. ಆ ಊರಿನ ಕಥೆ ಗೊತ್ತಿದ್ದೂ ಸುಮ್ನೆ ಕೂರಲು ಆಗಲಿಲ್ಲ.

ಹೇವರ್ಡ್ ಇರುವುದು ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ. ಜನಸಂಖ್ಯೆ ಸುಮಾರು 2,500. ಊರಿಗೆ ಹೆಸರು ಬಂದಿದ್ದೇ ಒಬ್ಬ ನಾಟಾ ವ್ಯಾಪಾರಿಯಿಂದ. ಸುತ್ತಲೂ ಬಿಳಿ ಪೈನ್ ಮರಗಳ ದಟ್ಟ ಕಾಡಿತ್ತು. ಮರ ಕಡಿಯುವ ಕೆಲಸ ಜೋರಾಗುತ್ತಿದ್ದದ್ದು ಚಳಿಗಾಲದಲ್ಲೇ. ಕಾಡಿನ ದಾರಿಗೆ ನೀರು ಸುರಿದು ಮಂಜುಗಡ್ಡೆ ಕಟ್ಟಿಸುತ್ತಿದ್ದರು. ಅದರ ಮೇಲೆ ಕುದುರೆಗಳು ಜಾರುಬಂಡಿಯಲ್ಲಿ ದಿಮ್ಮಿ ಎಳೆಯುತ್ತಿದ್ದವು. ಹಿಮ ಕರಗಿದ ಮೇಲೆ ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಡುತ್ತಿದ್ದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕಾಡು ಬೋಳಾಯಿತು. ಕಂಪನಿಗಳು ಮುಂದಿನ ಕಾಡು ಹುಡುಕಿಕೊಂಡು ಹೋದವು.

ಮುಂದೆ ನಡೆದಿದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೋಳಾದ ನೆಲವನ್ನು ರೈತರಿಗೆ ಮಾರಿದರು. ಅವರು ಬೊಡ್ಡೆ ಕಿತ್ತು ಬೇಸಾಯಕ್ಕೆ ಇಳಿದರು. ಬಡ ಮಣ್ಣು, ಗಿಡ್ಡ ಬೇಸಿಗೆ, ಬೆಳೆ ಕೈಗೆ ಹತ್ತಲಿಲ್ಲ. ಎಷ್ಟೋ ಜನ ಕಂದಾಯ ಕಟ್ಟಲಾಗದೆ ಜಮೀನು ಬಿಟ್ಟು ಹೋದರು. ಆ ನೆಲ ಕೌಂಟಿಯ, ಅಂದರೆ ನಮ್ಮ ಜಿಲ್ಲಾ ಪಂಚಾಯ್ತಿಯಂಥ ಸ್ಥಳೀಯ ಸರ್ಕಾರದ ಕೈಗೆ ಬಂತು. 1927ರಲ್ಲಿ ಬಂದ ಕಾಯ್ದೆಯೊಂದರ ಬಲದಿಂದ ಕೌಂಟಿಗಳು ಅಲ್ಲಿ ಮತ್ತೆ ಕಾಡು ಬೆಳೆಸಿದವು. ಇವತ್ತಿಗೂ ಅಲ್ಲಿ ಲೆಕ್ಕ ಹಾಕಿ ಮರ ಕಡಿಯುತ್ತಾರೆ, ಆ ಆದಾಯ ಕೌಂಟಿಗೆ ಸೇರುತ್ತದೆ. ಊರಿನ ಹೆಸರನ್ನು ದೇಶದಾಚೆಗೂ ಒಯ್ದ ಸ್ಕೀ (ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾ ಸಾಗುವ ಆಟ) ಹಾದಿಯ ಬಹುಭಾಗ ಹೋಗುವುದು ಇದೇ ಕಾಡಿನೊಳಗೆ.

ಆ ಹಾದಿಯ ಕನಸು ಕಂಡವರು ಅದೇ ಊರಿನ ಟೋನಿ ವೈಸ್. ಎರಡನೇ ಮಹಾಯುದ್ಧ ಮುಗಿಸಿ ಬಂದು, 1947ರಲ್ಲಿ ಪಕ್ಕದ ಕೇಬಲ್ ಎಂಬಲ್ಲಿ ಗುಡ್ಡದ ಮೇಲೆ ಟೆಲಿಮಾರ್ಕ್ ಸ್ಕೀ ತಾಣ ಶುರು ಮಾಡಿದರು. 1960ರಲ್ಲಿ ಮರ ಕಡಿಯುವವರ ವಿಶ್ವ ಸ್ಪರ್ಧೆ ಆರಂಭಿಸಿದರು. ಅದು ಬೇಸಿಗೆಯ ಹಬ್ಬ. ಹಿಂದೆ ಸಾಮಿಲ್ಲಿನ ದಿಮ್ಮಿ ನಿಲ್ಲಿಸುತ್ತಿದ್ದ ಕೊಳದಲ್ಲೇ ನಡೆಯುತ್ತದೆ. 1973ರಲ್ಲಿ ಕೇಬಲ್ಲಿಗೂ ಹೇವರ್ಡಿಗೂ ನಡುವೆ ಸುಮಾರು 50 ಕಿ.ಮೀ. ಸ್ಕೀ ಓಟ ಇಟ್ಟರು. ನಾರ್ವೆಯ ಓಟದ ಹೆಸರನ್ನೇ ಇದಕ್ಕೂ ಕೊಟ್ಟರು, ಅಮೆರಿಕನ್ ಬರ್ಕಬೈನರ್ ಅಂತ. ಊರವರ ಬಾಯಲ್ಲಿ ಬರ್ಕಿ. ಮೊದಲ ವರ್ಷ ಆ ದೂರ ಓಡಲು ನಿಂತವರು 35 ಜನ. ಈಗ ಆ ವಾರದ ಎಲ್ಲ ಓಟಗಳಿಗೂ ಸೇರಿ ಹತ್ತು ಸಾವಿರ ದಾಟುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ಒಬ್ಬ ಸಾಹಸಿ, ಒಂದು ರೆಸಾರ್ಟಿನ ಕಥೆ ಆಗುತ್ತದೆ. ಆದರೆ ಟೋನಿ ವೈಸ್ ಸಾಲದಲ್ಲಿ ಮುಳುಗಿ ಟೆಲಿಮಾರ್ಕನ್ನು ಕಳೆದುಕೊಂಡರು. ಅಲ್ಲಿನ ದೊಡ್ಡ ಲಾಡ್ಜ್ ಕೈಯಿಂದ ಕೈಗೆ ಹೋಗಿ, 2013ರಲ್ಲಿ ಬಾಗಿಲು ಹಾಕಿದ್ದು ಮತ್ತೆ ತೆರೆಯಲಿಲ್ಲ. ಓಟ ಮಾತ್ರ ನಿಲ್ಲಲಿಲ್ಲ. ಹಾದಿ ಯಾವ ಮಾಲೀಕನ ಜೇಬಿನಲ್ಲೂ ಇರಲಿಲ್ಲ, ಅಲ್ವಾ? ನಡೆಸುತ್ತಿದ್ದದ್ದು ಲಾಭದ ಆಸೆಯಿಲ್ಲದ ಒಂದು ಪ್ರತಿಷ್ಠಾನ, ದುಡಿಯುತ್ತಿದ್ದದ್ದು ಊರಿನ ಜನ. ಹಳೇ ಟೆಲಿಮಾರ್ಕ್ ಜಾಗವನ್ನು ಕೊನೆಗೆ ಕೊಂಡುಕೊಂಡದ್ದೂ ಅದೇ ಪ್ರತಿಷ್ಠಾನ.

ನಾನು ಸ್ಕೀ ಮಾಡುವವನಲ್ಲ. ಫೆಬ್ರವರಿ ಕೊನೆಯಲ್ಲಿ ಓಟದ ದಿನ ಹಾದಿ ಬದಿಯಲ್ಲಿ ನೀರು ಕೊಡಲು ನಿಲ್ಲುತ್ತೇನೆ. ಮೈನಸ್ ಹದಿನೈದರ ಚಳಿಯಲ್ಲಿ ಲೋಟದಿಂದ ತುಳುಕಿದ ನೀರು ಗ್ಲೌಸಿನ ಮೇಲೇ ಗಟ್ಟಿಯಾಗುತ್ತದೆ. ಬಾಳೆಹಣ್ಣಿನ ತುಂಡುಗಳನ್ನು ತಟ್ಟೆಯಲ್ಲಿಟ್ಟರೆ ಕಲ್ಲಾಗುತ್ತವೆ, ಜಾಕೆಟ್ಟಿನೊಳಗೆ ಬೆಚ್ಚಗಿಟ್ಟು ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆಯಬೇಕು. ಇದನ್ನು ಕಲಿಸಿದ್ದು ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜಿ. ಅವರ ತಂದೆ ಸಾಮಿಲ್ಲಿನಲ್ಲಿ ದುಡಿದವರಂತೆ. ಕೊನೆಯ ದಾರಿ ಹೆಪ್ಪುಗಟ್ಟಿದ ಹೇವರ್ಡ್ ಕೆರೆಯ ಮೇಲೆ ಹಾದು ಊರಿನ ಮುಖ್ಯ ಬೀದಿಗೆ ಬರುತ್ತದೆ. ಆ ಬೀದಿಯ ಡಾಂಬರಿನ ಮೇಲೆ ಹಿಮ ಸುರಿದು ಹದ ಮಾಡಿರುತ್ತಾರೆ. ಅಂಗಡಿಗಳ ಮುಂದೆ ಜನ ನಿಂತು ಹಸುವಿನ ಗಂಟೆ ಬಾರಿಸುತ್ತಾರೆ. ಮೊದಲು ಬಂದವರಿಗೂ ಸಂಜೆ ಕುಂಟುತ್ತಾ ಬಂದವರಿಗೂ ಅದೇ ಗದ್ದಲ. ನನಗೆ ಆ ಊರು ಇಷ್ಟವಾಗಿದ್ದೇ ಅಲ್ಲಿ.

ಕಷ್ಟವೂ ಇದೆ. 2017ರಲ್ಲಿ ಬಿಸಿಲು, ಮಳೆಗೆ ಹಿಮ ಕರಗಿ ಓಟ ರದ್ದಾಯಿತು. 2024ರಲ್ಲಿ ಹಿಮ ಸಾಕಷ್ಟು ಬೀಳಲಿಲ್ಲ. ಯಂತ್ರದಿಂದ ಹಿಮ ಮಾಡಿ ಹತ್ತು ಕಿ.ಮೀ. ಉದ್ದದ ಸುತ್ತುದಾರಿ ಸಿದ್ಧಪಡಿಸಿ, ಅದರಲ್ಲೇ ಓಟ ನಡೆಸಿದರು. ಆ ವರ್ಷ ಹೇವರ್ಡಿನ ಬೀದಿಗೆ ಓಟ ಬರಲೇ ಇಲ್ಲ. ಬರೀ ಒಂದು ಋತುವನ್ನು ನಂಬಿಕೊಂಡರೆ ಏನಾಗುತ್ತದೆ ಅನ್ನುವ ಚಿಂತೆ ಅಲ್ಲಿ ಜಾಸ್ತಿಯಾಗಿದೆ. ಅದೇ ಹಾದಿಯಲ್ಲಿ ಈಗ ಬೇರೆ ಕಾಲದಲ್ಲಿ ಸ್ಕೀ ಇಲ್ಲದೆ ಕಾಲಿನಲ್ಲೇ ಓಡುವ ಓಟವೂ ನಡೆಯುತ್ತದೆ.

ದಾಂಡೇಲಿ ಕಡೆ ಹಿಮ ಇಲ್ಲ, ಕಾಳಿ ನದಿ ಇದೆ. ಗಣೇಶಗುಡಿಯ ರಾಫ್ಟಿಂಗ್ ಕೂಡ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ. ಹೇವರ್ಡನ್ನು ಹಾಗೇ ತಂದು ಇಲ್ಲಿ ನೆಡಿ ಅಂತ ನಾನು ಹೇಳುವುದಿಲ್ಲ. ನದಿಗೆ ಇಳಿಯುವ ದಾರಿ, ಕಾಡಂಚಿನ ಕಾಲುಹಾದಿ ಊರಿನವರ ಹೆಸರಿನಲ್ಲೇ ಇರಲಿ, ಅದರ ಆದಾಯದಲ್ಲಿ ನಗರಸಭೆಗೂ ಗ್ರಾಮ ಪಂಚಾಯ್ತಿಗಳಿಗೂ ಪಾಲಿರಲಿ ಅನ್ನುವುದಷ್ಟೇ ನನ್ನ ಮಾತು. ಮುಂದಿನ ಸಲ ಇಂಥ ಊರಿನ ಬಗ್ಗೆ ಬರೆಸುವಾಗ ರೆಸಾರ್ಟಿನ ಮಾಲೀಕರ ಜೊತೆಗೆ ದೋಣಿ ನಡೆಸುವ ಹುಡುಗರನ್ನೂ, ಹಳೇ ಕಾರ್ಖಾನೆಯ ಕೆಲಸಗಾರರನ್ನೂ ಮಾತಾಡಿಸಲು ನಿಮ್ಮ ವರದಿಗಾರರಿಗೆ ದಯವಿಟ್ಟು ಹೇಳಿ.

– ದಾಂಡೇಲಿಯ ಒಬ್ಬ ಓದುಗ, ಮಿನಿಯಾಪೊಲಿಸ್