ಸಿಡಿಗಳನ್ನ ಗುಜರಿಗೆ ಹಾಕೋ ಮುಂಚೆ ದಯವಿಟ್ಟು ಸ್ವಲ್ಪ ತಡೀರಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಮನೆಯ ಹೈಫೈ ಸಿಸ್ಟಮ್ ಬಗ್ಗೆ ಬಂದಿದ್ದ ಬರಹ ಓದಿದೆ. ಈಗ ಎಲ್ಲಾ ಕಂಪ್ಯೂಟರಲ್ಲೇ ಆಗುತ್ತೆ, ಸಿಡಿ ಪ್ಲೇಯರ್ ಕಾಲ ಮುಗೀತು, ಇಟ್ಕೊಂಡಿರೋರು ಕೊಟ್ಟು ಶೋಕೇಸ್ ಖಾಲಿ ಮಾಡ್ಕೊಳ್ಳಿ ಅನ್ನೋ ಧಾಟಿಯಲ್ಲಿತ್ತು. ಬರೆದವರ ಮೇಲೆ ನನಗೇನೂ ಕೋಪ ಇಲ್ಲ, ಅವರು ಹೇಳಿದ್ದರಲ್ಲಿ ಅರ್ಧ ಸರಿನೂ ಇದೆ, ಆದ್ರೆ ಅದನ್ನ ಓದಿ ಯಾರಾದ್ರೂ ಈ ವಾರವೇ ಮನೇಲಿರೋ ಸಿಡಿಗಳನ್ನೆಲ್ಲ ಮೂಟೆ ಕಟ್ಟಿ ಗುಜರಿಯವನಿಗೆ ಕೊಟ್ಟುಬಿಟ್ರೆ ಅನ್ನೋ ಭಯಕ್ಕೆ ಈ ಪತ್ರ ಬರೀತಿದ್ದೀನಿ, ಯಾಕಂದ್ರೆ ನಮ್ಮ ಮನೇಲಿ ಅದು ಆಗಿಹೋಗಿದೆ.

ನಮ್ಮಪ್ಪ ಬ್ಯಾಂಕ್ ಕೆಲಸದಲ್ಲಿದ್ದವರು. 1980ರ ದಶಕದಲ್ಲಿ ಆರು ವರ್ಷ ಧಾರವಾಡದಲ್ಲಿದ್ರು, ಆಗ ಮಲ್ಲಿಕಾರ್ಜುನ ಮನ್ಸೂರ್ ಅವರ ಗಾಯನ ಎದುರಿಗೇ ಕೂತು ಕೇಳಿದವರು. ಮೈಸೂರಿಗೆ ವಾಪಸ್ ಬಂದ್ಮೇಲೂ ಆ ಗುಂಗು ಬಿಡಲಿಲ್ಲ, 1992ರಲ್ಲಿ ಮನ್ಸೂರರು ತೀರಿಕೊಂಡ ಮೇಲಂತೂ ಅವರ ಯಾವ ಸಿಡಿ ಕಂಡ್ರೂ ಬಿಡ್ತಿರಲಿಲ್ಲ. ಜೊತೆಗೆ ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ, ಅಮ್ಮನಿಗೆ ಅಂತ ದೊರೆಸ್ವಾಮಿ ಅಯ್ಯಂಗಾರರ ವೀಣೆ, ಒಂದಿಷ್ಟು ಭಾವಗೀತೆ, ಒಟ್ಟು 300ರ ಹತ್ತಿರ ಸಿಡಿ ಆಗಿತ್ತು. ಪ್ರತಿಯೊಂದರ ಬೆನ್ನಿಗೆ ಸಣ್ಣ ಚೀಟಿ ಅಂಟಿಸಿ ರಾಗದ ಹೆಸರು ಬರೆದಿಡ್ತಿದ್ರು.

2011ರಲ್ಲಿ ಮನೆ ಬದಲಾಯಿಸುವಾಗ ಇಷ್ಟೊಂದು ಯಾಕೆ ಹೊತ್ಕೊಂಡು ಹೋಗೋದು, ಕಂಪ್ಯೂಟರಿಗೆ ಹಾಕಿಸಿಬಿಡೋಣ ಅಂತ ನಾವು ಮಕ್ಕಳು ಸೇರಿ ತೀರ್ಮಾನ ಮಾಡಿ ಒಂದು ಅಂಗಡಿಗೆ ಕೊಟ್ವಿ. ಎರಡು ವಾರಕ್ಕೆ ಒಂದು ಹಾರ್ಡ್ ಡಿಸ್ಕ್ ಕೈಗೆ ಬಂತು, ದುಡ್ಡು ಕೊಟ್ವಿ, ನಾಲ್ಕು ಹಾಡು ಲ್ಯಾಪ್‌ಟಾಪ್ ಸ್ಪೀಕರಲ್ಲೇ ಹಾಕಿ ನೋಡಿ ಚೆನ್ನಾಗಿದೆ ಅಂದ್ವಿ, ಸಿಡಿಗಳು ಹಳೇ ಪೇಪರ್ ಜೊತೆ ಹೋದ್ವು. ಅಪ್ಪ ಏನೂ ಮಾತಾಡಲಿಲ್ಲ. ತಮ್ಮ ಕೋಣೆಯ ಟ್ರಂಕಿನಲ್ಲಿ 90 ಚಿಲ್ಲರೆ ಸಿಡಿ ಎತ್ತಿಟ್ಕೊಂಡಿದ್ರು ಅನ್ನೋದು ನಮಗೆ ಆಮೇಲೆ ಗೊತ್ತಾಗಿದ್ದು.

ಹೊಸ ಮನೇಲಿ ಆಂಪ್ಲಿಫೈಯರ್ ಜೋಡಿಸಿ ದೊಡ್ಡ ಸ್ಪೀಕರಲ್ಲಿ ಹಾಕಿದಾಗ ಗೊತ್ತಾಯ್ತು ಏನಾಗಿದೆ ಅಂತ. ಅಂಗಡಿಯವರು ಎಲ್ಲವನ್ನೂ 128ರ ಎಂಪಿ3, ಅಂದ್ರೆ ಸೆಕೆಂಡಿಗೆ 1,28,000 ಬಿಟ್‌ಗೆ ಕುಗ್ಗಿಸಿದ ಫೈಲು ಮಾಡಿದ್ರು. ತಂಬೂರಿ ಇದೆಯಲ್ಲ, ಅದು ಒಂದೇ ಶ್ರುತಿಯಲ್ಲಿ ನಿಂತಿದ್ರೂ ಒಳಗೊಳಗೇ ಬಣ್ಣ ಬದಲಾಯಿಸ್ತಾ ಮೇಲಿನ ಸ್ವರಗಳನ್ನ ಬಿಡಿಸ್ತಾ ಇರುತ್ತೆ, ಆ ಮೇಲಿನ ಭಾಗವೆಲ್ಲ ನೀರಿನಡಿಯಿಂದ ಕೇಳಿದ ಹಾಗೆ ಬುಳುಬುಳು ಅಂತಿತ್ತು. ತಬಲಾದ ಪೆಟ್ಟಿನ ಅಂಚು ಕರಗಿಹೋಗಿತ್ತು. ಅದಕ್ಕಿಂತ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ನಿಧಾನಗತಿಯ ವಿಲಂಬಿತ್ ಮುಗಿದು ವೇಗದ ದ್ರುತ್ ಶುರುವಾಗೋ ಕಡೆ ಸಿಡಿಯಲ್ಲಿ ಟ್ರ್ಯಾಕ್ ನಂಬರ್ ಬದಲಾಗುತ್ತೆ ಅಷ್ಟೆ, ಹಾಡು ನಿಲ್ಲಲ್ಲ, ಆದ್ರೆ ಈ ಫೈಲುಗಳಲ್ಲಿ ಅಲ್ಲೊಂದು ಅರೆಕ್ಷಣ ತಂಬೂರಿ ಕತ್ತರಿಸಿದ ಹಾಗೆ ನಿಂತು ಮತ್ತೆ ಬರ್ತಿತ್ತು. ಅಪ್ಪ ಪ್ರತಿ ಸಲ ಅಲ್ಲಿ ಕಣ್ಣು ಬಿಟ್ಟು ನೋಡ್ತಿದ್ರು.

ಲೆಕ್ಕ ಹಾಕಿದ್ರೆ ಇದು ಆಶ್ಚರ್ಯ ಅಲ್ಲ. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಶಬ್ದವನ್ನ ಅಳೆದಿಟ್ಟಿರ್ತಾರೆ, ಪ್ರತಿ ಅಳತೆಗೆ 16 ಬಿಟ್, ಎಡ ಬಲ ಎರಡು ಚಾನೆಲ್, ಗುಣಿಸಿದ್ರೆ ಸೆಕೆಂಡಿಗೆ 14,11,200 ಬಿಟ್. ಅದನ್ನ 1,28,000ಕ್ಕೆ ಇಳಿಸೋದು ಅಂದ್ರೆ ಹನ್ನೊಂದರಲ್ಲಿ ಒಂದು ಪಾಲು ಇಟ್ಕೊಂಡು ಹತ್ತು ಪಾಲು ಬಿಸಾಕಿದ ಹಾಗೆ. ಕಿವಿಗೆ ಕೇಳಿಸದ್ದನ್ನೇ ಬಿಸಾಕ್ತೀವಿ ಅನ್ನೋದು ಎಂಪಿ3ಯ ತತ್ವ, ಆಟೋದಲ್ಲಿ ಹೋಗುವಾಗ ಅದು ನಿಜ ಇರಬಹುದು, ರಾತ್ರಿ ಹತ್ತು ಗಂಟೆಗೆ ಫ್ಯಾನ್ ಆರಿಸಿ ಕೂತವರಿಗೆ ನಿಜ ಅಲ್ಲ.

ಆದ್ರೆ ಸಂಪಾದಕರೇ, ತಪ್ಪು ಕಂಪ್ಯೂಟರದ್ದಲ್ಲ. ಇದನ್ನ ಒತ್ತಿ ಹೇಳ್ತೀನಿ ಯಾಕಂದ್ರೆ ಸಿಡಿ ಪರ ಇರೋರು ಕೂಡ ಇಲ್ಲಿ ಎಡವ್ತಾರೆ, ಕಂಪ್ಯೂಟರಿಂದ ಬರೋ ಶಬ್ದಕ್ಕೆ ಜೀವ ಇಲ್ಲ ಅಂತೆಲ್ಲ ಹೇಳ್ತಾರೆ. ನಾನು ಮನೇಲಿ ಪರೀಕ್ಷೆ ಮಾಡಿ ನೋಡಿದೀನಿ. 9,000 ರೂಪಾಯಿಗೆ ಒಂದು ಡ್ಯಾಕ್ ತಗೊಂಡೆ, ಡ್ಯಾಕ್ ಅಂದ್ರೆ ಅಂಕಿಗಳನ್ನ ವಾಪಸ್ ಶಬ್ದದ ಕರೆಂಟ್ ಮಾಡೋ ಡಬ್ಬಿ. ಸಿಡಿ ಪ್ಲೇಯರ್ ಹಿಂದಿನ ಡಿಜಿಟಲ್ ಔಟ್‌ನಿಂದ ಒಂದು ವೈರ್ ಅದಕ್ಕೆ, ಲ್ಯಾಪ್‌ಟಾಪಿಂದ ಯುಎಸ್‌ಬಿ ವೈರ್ ಅದಕ್ಕೇ. ಟ್ರಂಕಿನಲ್ಲಿ ಉಳಿದಿದ್ದ ಸಿಡಿಯನ್ನ ಸರಿಯಾಗಿ ಕಾಪಿ ಮಾಡಿ, ಎರಡನ್ನೂ ಒಟ್ಟಿಗೆ ಶುರು ಮಾಡಿ, ನನ್ನ ಹೆಂಡತಿ ಡ್ಯಾಕಿನ ಸ್ವಿಚ್ ಬದಲಾಯಿಸೋದು, ನಾನೂ ಅಪ್ಪನೂ ಗೋಡೆ ಕಡೆ ಮುಖ ಮಾಡಿ ಯಾವುದು ಅಂತ ಹೇಳೋದು. ಮೂರು ಸಂಜೆ ಕೂತ್ವಿ. ಇಬ್ಬರಿಗೂ ಹೇಳಕ್ಕಾಗಲಿಲ್ಲ. ಅಂಕಿ ಅದೇ, ಡ್ಯಾಕ್ ಅದೇ, ಶಬ್ದ ಅದೇ.

ಅದೇ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ನೇರ ಆಂಪ್‌ಗೆ ವೈರ್ ಹಾಕಿದಾಗ ಮಾತ್ರ ಮೊದಲ ನಿಮಿಷಕ್ಕೇ ಗೊತ್ತಾಯ್ತು. ಮೌಸ್ ಅಲ್ಲಾಡಿಸಿದ್ರೆ ಸ್ಪೀಕರಲ್ಲಿ ಚಿರ್ ಚಿರ್ ಅನ್ನುತ್ತೆ, ಚಾರ್ಜರ್ ಚುಚ್ಚಿದ್ರೆ ಗುಂಯ್ ಅಂತ ಹಮ್ ಬರುತ್ತೆ, ಚಾರ್ಜರ್ ಕಿತ್ತರೆ ನಿಲ್ಲುತ್ತೆ. ಇದು ಅರ್ತಿಂಗ್ ಎರಡು ದಾರಿಯಲ್ಲಿ ಸುತ್ತಿಕೊಂಡು ಬರೋದ್ರಿಂದ ಆಗೋದು. ನಮ್ಮ ಕಡೆ ಎಷ್ಟೋ ಜನ ಇದಕ್ಕೆ ಪ್ಲಗ್ಗಿನ ದಪ್ಪ ಪಿನ್ ಮುರಿದು ಹಾಕ್ತಾರೆ, ಕೈ ಮುಗಿದು ಕೇಳ್ಕೋತೀನಿ ಆ ಕೆಲಸ ಮಾತ್ರ ಮಾಡಬೇಡಿ, ಶಾಕ್ ಹೊಡೆದ್ರೆ ಕಾಪಾಡೋದೇ ಆ ಪಿನ್. ಎಲ್ಲವನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ ನೋಡಿ, ಅದಕ್ಕೂ ಹೋಗದಿದ್ರೆ ಕಂಪ್ಯೂಟರಿಂದ ಡ್ಯಾಕ್‌ಗೆ ಆಪ್ಟಿಕಲ್ ಕೇಬಲ್ ಹಾಕೋಕೆ ಆಗುತ್ತಾ ನೋಡಿ, ಅದರಲ್ಲಿ ಹೋಗೋದು ಬೆಳಕು, ತಾಮ್ರದ ಸಂಬಂಧವೇ ಇಲ್ಲ, ಆ ದಾರಿಯಲ್ಲಿ ಹಮ್ ಬರೋ ಹಾಗೇ ಇಲ್ಲ.

ಇನ್ನು ವಿಂಡೋಸ್ ತನ್ನ ಪಾಡಿಗೆ ಎಲ್ಲಾ ಶಬ್ದವನ್ನೂ ಒಂದೇ ಕಡೆ ಕಲಸುತ್ತೆ, ಸೆಟ್ಟಿಂಗ್ 48,000ದಲ್ಲಿದ್ರೆ ಸಿಡಿಯ 44,100ನ್ನ ಅದಕ್ಕೆ ಮರುಲೆಕ್ಕ ಮಾಡಿ ಕಳಿಸುತ್ತೆ, ಆಲಾಪದ ಮಧ್ಯೆ ಮೆಸೇಜ್ ಬಂದ್ರೆ ಟಿಂಗ್ ಅನ್ನೋದೂ ಅದೇ ದಾರಿಯಲ್ಲಿ. ಕೆಲವು ಪ್ಲೇಯರ್ ಸಾಫ್ಟ್‌ವೇರಲ್ಲಿ ವಸಾಪಿ ಎಕ್ಸ್‌ಕ್ಲೂಸಿವ್ (WASAPI Exclusive) ಅಂತ ಒಂದು ಆಯ್ಕೆ ಇರುತ್ತೆ, ಅದನ್ನ ಹಾಕಿದ್ರೆ ಬೇರೆ ಯಾವುದಕ್ಕೂ ಜಾಗ ಇರಲ್ಲ. ಬರಹದಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಸಿಡಿ ಪ್ಲೇಯರಿಗೆ ಇದ್ಯಾವ ಗೋಜೂ ಇಲ್ಲ, ಒತ್ತಿದ್ರೆ ಹಾಡುತ್ತೆ.

ಹಾಗಂತ ಸಿಡಿ ಪ್ಲೇಯರ್ ಶಾಶ್ವತ ಅಲ್ಲ. ನಮ್ಮದರ ಟ್ರೇ ಒಂದು ದಿನ ಆಚೆ ಬರೋದನ್ನೇ ನಿಲ್ಲಿಸ್ತು, ಒಳಗಿನ ರಬ್ಬರ್ ಬೆಲ್ಟ್ ಸಡಿಲ ಆಗಿತ್ತು, ರಿಪೇರಿಯವರು 150 ರೂಪಾಯಿಗೆ ಹೊಸದು ಹಾಕಿಕೊಟ್ರು. ಆದ್ರೆ ಲೇಸರ್ ಕಣ್ಣೇ ಮಂಕಾದ್ರೆ ಹಳೇ ಮಾಡೆಲ್‌ಗಳಿಗೆ ಆ ಪಾರ್ಟ್ ಹುಡುಕೋದು ಕಷ್ಟ. ಹೊಸ ಪ್ಲೇಯರ್ ಬೇಕಂದ್ರೆ ಡೆನನ್, ಮರಾಂಟ್ಜ್, ಯಮಾಹಾ ಈಗಲೂ ಮಾಡ್ತಿವೆ, ಕಾಲ ಮುಗೀತು ಅನ್ನೋ ಮಾತು ಅಷ್ಟರ ಮಟ್ಟಿಗೆ ತಪ್ಪು. ಡಿಸ್ಕಿನ ವಿಷಯಕ್ಕೆ ಬಂದ್ರೆ ಎಲ್ರೂ ಹೊಳೆಯೋ ಕಡೆ ಗೀರು ಬಿದ್ರೆ ಹೆದರ್ತಾರೆ, ಅಸಲಿಗೆ ಅಲ್ಲಿ ಒಂದು ಮಿಲಿಮೀಟರಿಗೂ ದಪ್ಪ ಪ್ಲಾಸ್ಟಿಕ್ ಇದೆ, ಹೆಸರು ಅಚ್ಚಾಗಿರೋ ಮೇಲ್ಭಾಗದಲ್ಲಿ ಬಣ್ಣದ ತೆಳು ಪದರದ ಕೆಳಗೇ ಕನ್ನಡಿಯಂಥ ಲೋಹ ಇರೋದು, ಅಲ್ಲಿ ಗೀರಿದ್ರೆ ಹಾಡು ಹೋಯ್ತು ಅಂತಲೇ ಲೆಕ್ಕ. ಒರೆಸುವಾಗಲೂ ಸುತ್ತ ತಿರುಗಿಸಿ ಒರೆಸಬಾರದು, ಮಧ್ಯದಿಂದ ಅಂಚಿಗೆ ನೇರ ಎಳೀಬೇಕು.

ನನಗೆ ನಿಜವಾಗಲೂ ಆತಂಕ ಇರೋದು ಕಂಪನಿ ಸಿಡಿಗಳ ಬಗ್ಗೆ ಅಲ್ಲ, ಮನೇಲೇ ಬರ್ನ್ ಮಾಡಿದ ಸಿಡಿಗಳ ಬಗ್ಗೆ. ಅಪ್ಪ ರೇಡಿಯೋದಲ್ಲಿ ಬಂದ ಕಛೇರಿಗಳನ್ನ ಕ್ಯಾಸೆಟ್ಟಿಗೆ ಹಿಡಿದು, 2003–04ರ ಹೊತ್ತಿಗೆ ಅವನ್ನ ಬರ್ನ್ ಮಾಡಿಸಿ ಕ್ಯಾಸೆಟ್ ಯಾರಿಗೋ ಕೊಟ್ಟುಬಿಟ್ಟಿದ್ರು. ಕಂಪನಿ ಸಿಡಿಯಲ್ಲಿ ಹಾಡು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಒತ್ತಿರುತ್ತೆ, ಬರ್ನ್ ಮಾಡಿದ್ದರಲ್ಲಿ ಅದು ಬರೀ ಬಣ್ಣದ ಪದರದ ಮೇಲಿನ ಗುರುತು, ಬಿಸಿಲು ಸೆಕೆಗೆ ಬಣ್ಣ ಮಾಸಿದ ಹಾಗೆ ಹಾಡೂ ಮಾಸುತ್ತೆ. ಅಂಥ 22 ಡಿಸ್ಕಲ್ಲಿ 7 ಈಗ ಯಾವ ಪ್ಲೇಯರಲ್ಲೂ ಓದಲ್ಲ. ಆ ಕಛೇರಿಗಳನ್ನ ದುಡ್ಡು ಕೊಟ್ರೂ ವಾಪಸ್ ತರೋಕೆ ನನಗೆ ದಾರಿ ಇಲ್ಲ. ನಿಮ್ಮ ಓದುಗರ ಮನೇಲೂ ಮಗಳ ನಾಮಕರಣದ ಸೋಬಾನೆ ಪದ, ತಾತನ ಹರಿಕಥೆ, ಯಕ್ಷಗಾನದ ತಾಳಮದ್ದಳೆ ಇಂಥ ಡಿಸ್ಕಲ್ಲಿ ಇದ್ದೇ ಇರುತ್ತೆ, ಪೆನ್ನಲ್ಲಿ ಹೆಸರು ಬರೆದ ಡಿಸ್ಕ್ ಕಂಡ್ರೆ ಅದನ್ನ ಮೊದಲು ಕಾಪಿ ಮಾಡಿ, ಉಳಿದಿದ್ದು ನಿಧಾನಕ್ಕೆ.

ಕಾಪಿ ಮಾಡೋದು ಹೇಗೆ ಅನ್ನೋದರಲ್ಲೇ ಎಲ್ಲಾ ಇರೋದು. ಈಗಿನ ಲ್ಯಾಪ್‌ಟಾಪಲ್ಲಿ ಡ್ರೈವ್ ಇರಲ್ಲ, ಯುಎಸ್‌ಬಿಗೆ ಚುಚ್ಚೋ ಡ್ರೈವ್ ಸಿಗುತ್ತೆ. ಸಾಫ್ಟ್‌ವೇರ್ ಎಕ್ಸಾಕ್ಟ್ ಆಡಿಯೋ ಕಾಪಿ, ದುಡ್ಡಿಲ್ಲ, ಅನುಮಾನ ಬಂದ ಜಾಗವನ್ನ ಮತ್ತೆ ಮತ್ತೆ ಓದಿ ನೋಡುತ್ತೆ. ಪ್ಲೇಯರ್ ಹಾಗಲ್ಲ, ಓದಕ್ಕಾಗದ ಕಡೆ ಅಕ್ಕಪಕ್ಕದ ಅಂಕಿ ನೋಡಿ ಅಂದಾಜಲ್ಲಿ ತೇಪೆ ಹಾಕಿ ಮುಂದೆ ಹೋಗುತ್ತೆ, ಕಂಪ್ಯೂಟರಿಗೆ ವಾಪಸ್ ಹೋಗಿ ಓದೋ ಪುರುಸೊತ್ತಿದೆ, ಇದು ಅದರ ದೊಡ್ಡ ಗುಣ. ಬೇರೆಯವರ ಕಾಪಿ ಜೊತೆ ತಾಳೆ ನೋಡೋ ವ್ಯವಸ್ಥೆಯೂ ಇದೆ, ಆದ್ರೆ ನಮ್ಮ ಸಿಡಿಗಳಲ್ಲಿ ಹೆಚ್ಚಿನವು ಅದರ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ನಾನು ಪ್ರತಿ ಡಿಸ್ಕನ್ನೂ ಎರಡು ಸಲ ಕಾಪಿ ಮಾಡಿ ಎರಡೂ ಒಂದೇನಾ ಅಂತ ನೋಡ್ತೀನಿ. ಇಡಬೇಕಾಗಿದ್ದು ಫ್ಲಾಕ್ ರೂಪದಲ್ಲಿ, ಅದು ಜಾಗ ಸುಮಾರು ಅರ್ಧಕ್ಕೆ ಇಳಿಸುತ್ತೆ, ಬಿಚ್ಚಿದಾಗ ಒಂದು ಬಿಟ್ಟೂ ಹೋಗಿರಲ್ಲ. 300 ಸಿಡಿ ಅಂದ್ರೂ 100–120 ಜಿಬಿ ಒಳಗೆ ಮುಗಿಯುತ್ತೆ. ಹಾರ್ಡ್ ಡಿಸ್ಕ್ ಮಾತ್ರ ಎರಡಿರಲಿ, ಒಂದು ಬೇರೆ ಮನೇಲಿರಲಿ. 1980ರ ದಶಕದ ಕೆಲವು ಸಿಡಿಗಳಲ್ಲಿ ಪ್ರಿ ಎಂಫಸಿಸ್ ಅಂತ ಮೇಲಿನ ಸ್ವರಗಳನ್ನ ಎತ್ತಿ ಇಟ್ಟಿರ್ತಾರೆ, ಪ್ಲೇಯರ್ ತಾನೇ ಇಳಿಸಿಕೊಳ್ಳುತ್ತೆ, ಕಾಪಿಯಲ್ಲಿ ನಾವೇ ಇಳಿಸಬೇಕು, ಇಲ್ಲಾಂದ್ರೆ ಹಾಡು ಚೂಪಾಗಿ ಕೇಳಿಸುತ್ತೆ.

ಆಮೇಲೆ ಹೆಸರು. ಅಂಗಡಿಯವರು ಕೊಟ್ಟ ಹಾರ್ಡ್ ಡಿಸ್ಕಲ್ಲಿ ಎಲ್ಲಾ ಟ್ರ್ಯಾಕ್ 01, ಟ್ರ್ಯಾಕ್ 02, ಟ್ರ್ಯಾಕ್ 03. ಸಿನಿಮಾ ಹಾಡಾದ್ರೆ ಪಲ್ಲವಿ ಕೇಳಿ ಕಂಡುಹಿಡೀಬಹುದು. ಮನ್ಸೂರರು ಹಾಡ್ತಿದ್ದಿದ್ದು ಅಪರೂಪದ ರಾಗಗಳು, ಶಿವಮತ ಭೈರವ, ಖಟ್, ಲಚ್ಚಸಾಖ, ಬಹಾದುರಿ ತೋಡಿ, ಅಸಾ ಜೋಗಿಯಾ ಇಂಥವು, ಅಪ್ಪನಂಥ ಕೇಳುಗರಿಗೂ ಎರಡು ಕಡೆ ಅನುಮಾನ ಬಂತು. ತಬಲಾ ಯಾರು, ಹಾರ್ಮೋನಿಯಂ ಯಾರು, ಯಾವ ವರ್ಷದ ಕಛೇರಿ, ಎಲ್ಲಾ ಸಿಡಿ ಡಬ್ಬಿಯೊಳಗಿನ ಎರಡು ಮಡಿಕೆಯ ಕಾಗದದಲ್ಲಿತ್ತು, ಕಾಗದ ಸಿಡಿ ಜೊತೆ ಹೋಯ್ತು. ಅದಕ್ಕೇ ಈಗ ಟ್ರಂಕಿನ ಸಿಡಿಗಳನ್ನ ಕಾಪಿ ಮಾಡುವಾಗ ಆ ಕಾಗದದ ಫೋಟೋನೂ ತೆಗೆದು ಅದೇ ಫೋಲ್ಡರಿಗೆ ಹಾಕ್ತೀನಿ, ಹೆಸರುಗಳನ್ನ ಕನ್ನಡದಲ್ಲೇ ಟೈಪ್ ಮಾಡ್ತೀನಿ.

ಹಾಗಾಗಿ ಕಂಪ್ಯೂಟರ್ರೋ ಸಿಡಿ ಪ್ಲೇಯರ್ರೋ ಅಂತ ಕೇಳಿದ್ರೆ, ಈಗಷ್ಟೇ ಶುರು ಮಾಡೋ ಹುಡುಗರಿಗೆ, ಮನೇಲಿ ಒಂದೂ ಸಿಡಿ ಇಲ್ಲದವರಿಗೆ, ಕಂಪ್ಯೂಟರ್ ಜೊತೆ ಒಂದು ಡ್ಯಾಕ್ ಸಾಕು, ಉಳಿದ ದುಡ್ಡು ಸ್ಪೀಕರಿಗೆ ಹಾಕಿ. ಮನೇಲಿ ಈಗಾಗಲೇ ಸಿಡಿ ಇದ್ದವರು ಕಂಪ್ಯೂಟರಲ್ಲಿ ಕಾಪಿ ಇಟ್ಕೊಂಡು ಪ್ಲೇಯರನ್ನೂ ಉಳಿಸಿಕೊಳ್ಳಿ, ಒಂದು ಇನ್ನೊಂದರ ಬದಲಿಗೆ ಅಲ್ಲ. ನಮ್ಮಮ್ಮನಿಗೆ ಈಗ 78. ಫೋಲ್ಡರ್, ಪಾಸ್‌ವರ್ಡ್, ಅಪ್‌ಡೇಟ್ ಇದ್ಯಾವುದೂ ಅವರಿಗೆ ಬೇಡ. ಬೆಳಗ್ಗೆ ಸ್ನಾನ ಮುಗಿಸಿ ವೀಣೆ ಸಿಡಿ ಹಾಕಿ ಬಟನ್ ಒತ್ತಿ ತರಕಾರಿ ಹೆಚ್ಚೋಕೆ ಕೂತ್ಕೋತಾರೆ, ಯಾರನ್ನೂ ಕರೀಬೇಕಾಗಿಲ್ಲ. ಆ ಸಿಡಿಯ ಕಾಪಿ ನನ್ನ ಹತ್ತಿರ ಇದೆ, ಹಾಗಾಗಿ ಅದು ಗೀರಾದ್ರೂ ನನಗೆ ಭಯ ಇಲ್ಲ.

ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಅವರ ಹಳೇ ಡೈರಿಯಲ್ಲಿ 300 ಸಿಡಿಯ ಪಟ್ಟಿ ಸಿಕ್ತು, ಎಲ್ಲಿ ಕೊಂಡಿದ್ದು, ಯಾವ ರಾಗ, ಎಷ್ಟು ದುಡ್ಡು ಸಮೇತ. ಕಳೆದುಹೋದವನ್ನ ಹಳೇ ಸಿಡಿ ಮಾರೋರ ಹತ್ತಿರ, ನೆಂಟರ ಅಟ್ಟದಲ್ಲಿ ಒಂದೊಂದಾಗಿ ಹುಡುಕ್ತಿದ್ದೀನಿ. ಇವತ್ತಿಗೆ 31 ಸಿಕ್ಕಿವೆ, ಶಿವಮತ ಭೈರವದ್ದು ಇನ್ನೂ ಸಿಕ್ಕಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಮೈಸೂರು